ಕುಂತರೆ ಓಡುವ ಎದೆ

ಮೊದಲು ಒಂದು ಒಗಟು. ಬಿಡಿಸಿ ನೋಡೋಣ.

ಮೆಟ್ಟಿಲು ಹತ್ತಿದರೆ ನಿದ್ದೆ ಮಾಡುತ್ತದೆ, ಇಳಿದರೆ ಓಡುತ್ತದೆ. ನಡೆದರೆ ಸುಮ್ಮನಿರುತ್ತದೆ, ಕುಂತರೆ ಕುಣಿಯುತ್ತದೆ. ಹೆದರಿಸಿದರೆ ಕ್ಯಾರೇ ಅನ್ನುವುದಿಲ್ಲ, ನಗಿಸಿದರೆ ಏಳುತ್ತದೆ. ಏನದು?

ನಿಮ್ಮಿಂದ ಆಗುವುದಿಲ್ಲ, ಬಿಡಿ. ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರನ್ನೂ ಬಿಡದೆ ಕೇಳಿದ್ದೇನೆ. ವಾಚ್‌ಮನ್ "ನಮ್ಮ ಲಿಫ್ಟು" ಅಂದ. ಎರಡನೇ ಮಾಳಿಗೆಯ ಮರಾಠಿ ಕಾಕು "ನನ್ನ ಸೊಸೆ" ಅಂದಳು. ಸೊಸೆಯನ್ನು ಕೇಳಿದರೆ "ನನ್ನ ಅತ್ತೆ" ಅಂದಳು. ಇಬ್ಬರಿಗೂ ಅರ್ಧರ್ಧ ಮಾರ್ಕ್ಸ್ ಕೊಟ್ಟು ಬಂದೆ.

ಉತ್ತರ ನಮ್ಮ ಆಯಿಯ ಎದೆ. ಆಯಿ ಅಂದರೆ ಅಪ್ಪನ ಅವ್ವ. ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಾನು ಹುಡುಕಿಕೊಂಡು ಹೋಗುವುದಿಲ್ಲ, ಲಿಫ್ಟ್ ಬಂದ್ ಇದ್ದರೂ ಅವೇ ಮೂರು ಮಾಳಿಗೆ ಹತ್ತಿ ಬಂದು ಬಾಗಿಲು ಬಡಿಯುತ್ತವೆ. ನನಗೂ ಪುರುಸೊತ್ತು ಬಹಳ. ಹತ್ತನೇ ಕ್ಲಾಸಿಗೆ ಎರಡು ಸಲ ಕುಂತೆ, ಎರಡು ಸಲವೂ ಅದು ನನ್ನನ್ನು ಎಬ್ಬಿಸಿ ಕಳಿಸಿತು.

೧. ಸುಳ್ಳು ಹಿಡಿಯುವ ಯಂತ್ರ

ಶುರುವಾದದ್ದು ದಾದರ್ ಬ್ರಿಜ್ ಮೇಲೆ. ಆಯಿ ಮಾರ್ಕೆಟ್ಟಿನಿಂದ ಬರುವಾಗ ತಲೆ ತಿರುಗಿ ಅಲ್ಲೇ ಕುಂತುಬಿಟ್ಟಳು. ಮುಂದೆ ಮೆಂತ್ಯ ಸೊಪ್ಪಿನ ಚೀಲ. ದಾದರ್ ಬ್ರಿಜ್ ಮೇಲೆ ಸೊಪ್ಪು ಮುಂದಿಟ್ಟುಕೊಂಡು ಕುಂತವರನ್ನು ಜನ ಏನಂತ ತಿಳಿಯುತ್ತಾರೆ? ಒಬ್ಬಾಕೆ ಬಗ್ಗಿ, "ಮೇಥಿ ಕೈಸೆ ದಿಯಾ?" ಅಂದಳಂತೆ. ಆಯಿ ಅರೆಪ್ರಜ್ಞೆಯಲ್ಲೇ "ಮಾರಾಕಲ್ಲ, ಮನಿಗೆ" ಅಂದಳಂತೆ. ಆಮೇಲೆ ಪೂರಾ ಎಚ್ಚರ ತಪ್ಪಿತಂತೆ.

ಆಸ್ಪತ್ರೆಯಲ್ಲಿ ನೋಡಿದರೆ ಎದೆಬಡಿತ ಅರ್ಧಕ್ಕೆ ಇಳಿದಿತ್ತು. ಎಡಗಡೆ ಭುಜದ ಕೆಳಗೆ ಚರ್ಮದೊಳಗೆ ಬೆಂಕಿಪೊಟ್ಟಣದಷ್ಟು ಒಂದು ಪೇಸ್‌ಮೇಕರ್ ಕೂಡಿಸಿ ಕಳಿಸಿದರು. ಬಡಿತ ಅರವತ್ತಕ್ಕಿಂತ ಕೆಳಗೆ ಇಳಿಯದ ಹಾಗೆ ಅದು ಕಾಯುತ್ತದಂತೆ.

ಬಿಲ್ಡಿಂಗಿನ ಮಕ್ಕಳೆಲ್ಲ ನೋಡಲು ಬಂದರು. "ಒಳಗ ಏನೈತಿ ಭಯ್ಯಾ?" ಅಂದವು. ನಾನು ದನಿ ಇಳಿಸಿ ಹೇಳಿದೆ: "ಸುಳ್ಳು ಹಿಡಿಯೋ ಮಷಿನ್ನು. ಆಯಿ ಮುಂದ ಯಾರರ ಸುಳ್ಳು ಹೇಳಿದ್ರ ಅದು ಒಳಗ ಗುಂಯ್ ಅಂತೈತಿ."

ಐದೇ ನಿಮಿಷದಲ್ಲಿ ಬಾಲ್ಕನಿಯ ಗಾಜು ಒಡೆದವನು ಸಿಕ್ಕ. ಕಾಕುವಿನ ಉಪ್ಪಿನಕಾಯಿ ಬರಣಿಗೆ ಕೈ ಹಾಕಿದವಳು ಅತ್ತಳು. ಆಯಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. "ಎಂಥಾ ಹುಚ್ಚ ಮಕ್ಕಳು, ಮಷಿನ್ ಎಲ್ಲ್ಯರ ಸುಳ್ಳು ಹಿಡೀತೈತೇನು!" ಅಂದಳು.

ಮಕ್ಕಳ ಮಾತು ಬಿಡಿ. ಅವತ್ತಿನಿಂದ ಸೊಸೈಟಿಯ ಸೆಕ್ರೆಟರಿ ಸಾಹೇಬರು ಆಯಿಯ ಕಡೆ ಮುಖ ಹಾಕಿಲ್ಲ. "ಲಿಫ್ಟ್ ಎಂದ ರಿಪೇರಿ ಆಗ್ತೈತಿ?" ಅಂತ ಕೇಳಬೇಕೆಂದರೆ ಈಗ ಫೋನ್ ಮಾಡಬೇಕು.

೨. ಭಾರತದ ನಕಾಶೆ

ಇಲ್ಲಿ ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ಆಯಿ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಅರವತ್ತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಬಿಲ್ಡಿಂಗ್ ಕಟ್ಟುವ ಕೆಲಸಕ್ಕೆ ಹೋಗುವ ಮಂದಿ ಏಳು ಗಂಟೆಗೆ ಬಂದು ಬಟ್ಟೆಯಲ್ಲಿ ಕಟ್ಟಿಸಿಕೊಂಡು ಹೋಗುತ್ತಾರೆ. ಊರಿನ ಸುದ್ದಿ, ಜಗಳ, ಮದುವೆ ಮಾತುಕತೆ, ಎಲ್ಲವೂ ಆ ಹೊಸ್ತಿಲ ಮೇಲೇ. ಆಯಿಗೆ ಅದು ಕೆಲಸ ಅಲ್ಲ, ದರ್ಬಾರು.

ಮಷಿನ್ ಬಂದ ಮೇಲೆ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಪವಾಯಿಯಿಂದ ಬಂದು ಹುಕುಂ ಹೊರಡಿಸಿದ. "ಇನ್ನ ರೊಟ್ಟಿ ಬಂದ್. ಡಾಕ್ಟರ್ ಕೈ ಎತ್ತಬ್ಯಾಡ ಅಂದಾರ. ಇನ್ನ ಮ್ಯಾಲೆ ದಮ್ಮು ಹತ್ತಿ ಮೆಟ್ಟಲದಾಗ ಕುಂತಿ ಅಂದ್ರ, ಸೀದಾ ನನ್ನ ಮನಿಗೆ. ಹದಿನಾಲ್ಕನೇ ಮಾಳಿಗಿ, ಲಿಫ್ಟ್ ಐತಿ, ಕೆರಿ ಕಾಣ್ತೈತಿ, ಏಸಿ ಐತಿ."

"ಮಾತಾಡಾಕ ಯಾರದಾರ?" ಅಂದಳು ಆಯಿ.

"ಟೀವಿ ಐತಿ."

"ಟೀವಿ ನನ್ನ ಮಾತು ಕೇಳ್ತೈತೇನು?"

ಕಾಕಾ ಕೆಟ್ಟವನಲ್ಲ. ಅಂಜುಬುರುಕ. ಅವ್ವನ ಮೇಲಿನ ಪ್ರೀತಿ ಅವನಿಗೆ ಹುಕುಂ ಆಗಿಯೇ ಬರುತ್ತದೆ. ಆಯಿ ಒಪ್ಪಿದ ಹಾಗೆ ತಲೆ ಅಲ್ಲಾಡಿಸಿದಳು. ರೊಟ್ಟಿ ನಮ್ಮ ಅವ್ವನ ಪಾಲಿಗೆ ಬಂತು. ಅವ್ವ ಮುಂಬಯಿಯಲ್ಲೇ ಹುಟ್ಟಿದವಳು, ಅವಳ ಕೈಗೆ ಚಪಾತಿ ಲಟ್ಟಣಿಗೆ ಗೊತ್ತು, ಜೋಳದ ಹಿಟ್ಟು ಗೊತ್ತಿಲ್ಲ. ಮೊದಲ ದಿನದ ರೊಟ್ಟಿ ಎತ್ತಿ ಹಿಡಿದು ಒಬ್ಬ ಗೌಂಡಿ ಕೇಳಿದ: "ಅಕ್ಕಾ, ಇದು ರೊಟ್ಟಿನೋ ಭಾರತದ ನಕಾಶೆನೋ? ನಮ್ಮ ವಿಜಯಪುರದ ಕಡೆ ತೂತು ಬಿದ್ದೈತಿ."

ಮೂರು ತಿಂಗಳು ಆಯಿ ತಡೆದಳು. ನಾಲ್ಕನೇ ತಿಂಗಳ ಮೊದಲ ದಿನ ಬೆಳಿಗ್ಗೆ ಐದಕ್ಕೆ ಅಡಿಗೆಮನೆಯಿಂದ ತಪ ತಪ ಸದ್ದು. ನಾನು ಎದ್ದು ಹೋದೆ. ಹಿಟ್ಟಿನ ಕೈಯಲ್ಲೇ ಆಯಿ ನನ್ನ ಬಾಯಿ ಮುಚ್ಚಿದಳು. "ಕಾಕಾಗ ಹೇಳಿದಿ ಅಂದ್ರ ನಾನು ಪವಾಯಿಗೆ ಹೋಗ್ತೀನಿ. ನಿನಗ ಮುಂಜಾನೆ ಚಹಾ ಯಾರು ಕೊಡ್ತಾರ?"

ಅವ್ವ ಕೊಡುವ ಚಹಾ ಕುಡಿದು ನೋಡಿದವನು ನಾನು. ಬಾಯಿ ಮುಚ್ಚಿಕೊಂಡೆ.

೩. ಅರವತ್ತು ಅಂದರೆ ಅರವತ್ತೇ

ಕರೋನಾ ಕಾಲದಲ್ಲಿ ಎಲ್ಲರ ಮನೆಯಲ್ಲೂ ಬೆರಳಿಗೆ ಚಿಮಟಿ ಹಾಕುವ ಒಂದು ಡಬ್ಬಿ ಬಂತಲ್ಲ, ಅದು ನಮ್ಮಲ್ಲೂ ಇತ್ತು. ನಾಡಿ ಎಷ್ಟು ಅಂತ ಅದರಲ್ಲಿ ಕಾಣುತ್ತದೆ. ಒಂದು ಮಧ್ಯಾಹ್ನ ಸುಮ್ಮನೆ ಆಯಿಯ ಬೆರಳಿಗೆ ಹಾಕಿದೆ. ಅರವತ್ತು. ಹತ್ತು ನಿಮಿಷ ಬಿಟ್ಟು ಹಾಕಿದೆ. ಅರವತ್ತು. ಊಟಕ್ಕೆ ಮೊದಲು ಅರವತ್ತು, ಊಟ ಆದ ಮೇಲೂ ಅರವತ್ತು. ನನ್ನದು ಹಾಕಿ ನೋಡಿದರೆ ಎಪ್ಪತ್ತೆರಡು, ಎಪ್ಪತ್ತೈದು, ಎಪ್ಪತ್ತೊಂದು. ಸುಮ್ಮನೆ ಕುಂತರೂ ಕುಣಿಯುತ್ತದೆ.

ನನಗೆ ಕುತೂಹಲ ಹತ್ತಿತು. ಇದನ್ನು ಅಲ್ಲಾಡಿಸುವುದು ಹೇಗೆ?

ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕುವಾಗ ಹಿಡಿದು ನೋಡಿದೆ. ಆಯಿ ಪರದೆಗೆ ಶಾಪ ಹಾಕುತ್ತಿದ್ದಳು, ಡಬ್ಬಿ ಅರವತ್ತು ಅಂತಿತ್ತು. ಕ್ರಿಕೆಟ್ಟಿನ ಕೊನೇ ಓವರ್‌ನಲ್ಲಿ ನೋಡಿದೆ. ಅಪ್ಪನದು ನೂರ ಇಪ್ಪತ್ತು, ಆಯಿಯದು ಅರವತ್ತು. ಕಡೆಗೆ ರಬ್ಬರಿನ ಹಲ್ಲಿ ತಂದು ಅವಳ ತೊಡೆಯ ಮೇಲೆ ಬಿಟ್ಟೆ. ಆಯಿ ಚೀರಿದ್ದು ಕೆಳಗಿನ ವಾಚ್‌ಮನ್ನಿಗೂ ಕೇಳಿತು. ಡಬ್ಬಿ ನೋಡಿದರೆ ಅರವತ್ತು.

ಎದೆ ಹೆದರಲಿಲ್ಲ. ಕೈ ಮಾತ್ರ ಹೆದರಿ ನನ್ನ ಕೆನ್ನೆಗೆ ಬಂತು. ಆಮೇಲೆ ನನ್ನ ಬೆರಳಿಗೆ ಡಬ್ಬಿ ಹಾಕಿ ನೋಡಿದೆ. ನೂರ ಹದಿನೆಂಟು.

೪. ರಿಕ್ಷಾ ಓಡಿತು, ಆಯಿ ಓಡಿದಳು

ಒಂದು ಭಾನುವಾರ ಕಾಕಾನ ಮನೆಗೆ ಪವಾಯಿಗೆ ಹೊರಟೆವು. ನಮ್ಮ ಆಂಟಾಪ್ ಹಿಲ್‌ನಲ್ಲಿ ರಿಕ್ಷಾ ಇಲ್ಲ, ಟ್ಯಾಕ್ಸಿ, ಬಸ್ಸು ಅಷ್ಟೇ. ಆದರೆ ಲೋಕಲ್ ಟ್ರೇನ್ ಇಳಿದು ಪವಾಯಿಗೆ ಹೋಗಲು ರಿಕ್ಷಾ ಸಿಕ್ಕಿತು. ರಸ್ತೆ ಅಗೆದಿಟ್ಟಿದ್ದರು. ರಿಕ್ಷಾದವನು ತಗ್ಗು ತಪ್ಪಿಸುವವನಲ್ಲ, ಒಂದೊಂದನ್ನೂ ಮಾತಾಡಿಸಿಕೊಂಡು ಹೋಗುವವನು. ಆಯಿ ರಾಡು ಹಿಡಿದು ಕುಂತಿದ್ದಳು, ಅಡ್ಡಡ್ಡ ಉದ್ದುದ್ದ ಅಲ್ಲಾಡುತ್ತಿದ್ದಳು. ಡಬ್ಬಿ ನನ್ನ ಕಿಸೆಯಲ್ಲೇ ಇತ್ತು. ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬೆರಳಿಗೆ ಹಾಕಿದೆ.

ತೊಂಬತ್ತೆಂಟು!

"ಆಯಿ, ನಿನ್ನ ಎದಿ ಓಡಾಕತ್ತೈತಿ!"

"ನಾನು ಕುಂತೀನಲ್ಲೋ. ಓಡಾಕತ್ತಿದ್ದು ರಿಕ್ಷಾ."

ಮುಂದಿನ ತಪಾಸಣೆಗೆ ಆಸ್ಪತ್ರೆಗೆ ಹೋದಾಗ ಮಷಿನ್ ಪರೀಕ್ಷೆ ಮಾಡುವ ಅಕ್ಕನನ್ನು ಇದೇ ಕೇಳಿದೆ. ಮಂಗಳೂರು ಕಡೆಯವಳು. ಇಷ್ಟು ದಿನದಲ್ಲಿ ಯಾರೂ ಕೇಳದ್ದನ್ನು ನಾನು ಕೇಳಿದೆನೆಂದು ಅವಳಿಗೆ ಖುಷಿ.

"ಸರಿ ಇರುವ ಹಾರ್ಟ್ ಗಡಿಯಾರದ ಹಾಗೆ ಬಡಿಯುದಿಲ್ಲ ಮಾರಾಯ. ಉಸಿರು ಎಳೆದ್ರೆ ಒಂಚೂರು ಬೇಗ, ಬಿಟ್ರೆ ಒಂಚೂರು ನಿಧಾನ. ನಡೆದ್ರೆ ಜಾಸ್ತಿ, ಹೆದರಿದ್ರೆ ಜಾಸ್ತಿ. ಅಜ್ಜಿದು ತಾನಾಗಿ ಏರುದಿಲ್ಲ. ಅದಕ್ಕೆ ಮೆಷಿನ್ ಒಳಗೆ ಒಂದು ಸಣ್ಣದು ಉಂಟು, ಮೈ ಅಲುಗಿದ್ರೆ ಅದಕ್ಕೆ ಗೊತ್ತಾಗ್ತದೆ. ಅಜ್ಜಿ ನಡೀತಾ ಇದ್ದಾರೆ ಅಂತ ಎಣಿಸಿ ಬಡಿತ ಜಾಸ್ತಿ ಮಾಡ್ತದೆ."

"ರಿಕ್ಷಾದಾಗ ಕುಂತಿದ್ದು ಅಂತ ಅದಕ್ಕ ತಿಳಿಯೂದಿಲ್ಲ?"

"ಅದಕ್ಕೆ ಕಣ್ಣು ಉಂಟಾ?"

ಮನೆಗೆ ಬಂದು ಆಯಿಗೆ ತಿಳಿಸಿ ಹೇಳಿದೆ. ಆಯಿ ಯೋಚನೆ ಮಾಡಿ ಹೇಳಿದಳು: "ಹಂಗಾರ ಡಾಕ್ಟರ್ ದಿನಾ ವಾಕಿಂಗ್ ಮಾಡು ಅಂದಾರಲ್ಲ, ನಾಳಿಂದ ಒಂದು ರಿಕ್ಷಾ ಹೇಳು."

೫. ಎರಡು ಕೊಡ

ವಾಕಿಂಗ್ ಮಾತ್ರ ಆಯಿ ತಪ್ಪಿಸುತ್ತಿರಲಿಲ್ಲ. ಬಿಲ್ಡಿಂಗ್ ಮುಂದಿನ ಗಾರ್ಡನ್ನಿನಲ್ಲಿ ಅರ್ಧ ತಾಸು. ಆದರೆ ಹತ್ತು ನಿಮಿಷಕ್ಕೇ ದಮ್ಮು. ಮೆಟ್ಟಿಲು ಹತ್ತುವಾಗಲಂತೂ ಎರಡನೇ ಮಾಳಿಗೆಯಲ್ಲಿ ನಿಲ್ಲಲೇಬೇಕು. ಕಾಕು ದಿನಾ ನೀರಿನ ಗ್ಲಾಸ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು, ಮ್ಯಾರಥಾನಿನಲ್ಲಿ ನಿಂತಿರುತ್ತಾರಲ್ಲ ಹಾಗೆ.

ನಾನು ಡಬ್ಬಿ ಹಿಡಿದು ಹಿಂದೆ ಬಿದ್ದೆ. ನಡೆದಾಗ ಅರವತ್ತೆರಡು. ಹತ್ತಿದಾಗ ಅರವತ್ತನಾಲ್ಕು. ಇಳಿದಾಗ ಎಂಬತ್ತೆಂಟು! ಇಳಿಯುವಾಗ ಆಯಿಗೆ ಮೊಣಕಾಲು ನೋವು, ಒಂದೊಂದು ಮೆಟ್ಟಿಲಿಗೂ ಧಪ್ ಧಪ್ ಅಂತ ಮೈಭಾರ ಬಿಡುತ್ತಾಳೆ. ಮಷಿನ್ನಿಗೆ ಆ ಧಪ್ ಧಪ್ ಕೇಳುತ್ತದೆ. ಹತ್ತುವಾಗ ಮೆಲ್ಲಗೆ, ಗೋಡೆ ಹಿಡಿದು. ಅದಕ್ಕೆ ಏನೂ ಕೇಳುವುದಿಲ್ಲ.

ಸರಿ, ಸಪಾಟು ನೆಲದಲ್ಲಿ ನಡೆದರೆ ಯಾಕೆ ಕೇಳುವುದಿಲ್ಲ? ಒಂದು ಸಂಜೆ ಗಾರ್ಡನ್ನಿನ ಕಟ್ಟೆ ಮೇಲೆ ಕುಂತು ಆಯಿಯ ನಡಿಗೆಯನ್ನೇ ನೋಡಿದೆ. ಬೇರೆ ಮುದುಕಿಯರು ಬಾತುಕೋಳಿಯ ಹಾಗೆ ಅತ್ತಿತ್ತ ತೂಗುತ್ತ ಹೋಗುತ್ತಿದ್ದರು. ನಮ್ಮ ಆಯಿ ಮಾತ್ರ ಸೊಂಟದ ಮೇಲೆ ಒಂದು ಎಳೆಯೂ ಅಲ್ಲಾಡದೆ, ಗಾಡಿಯ ಮೇಲಿಟ್ಟ ಗೊಂಬೆಯ ಹಾಗೆ, ನೆಟ್ಟಗೆ ತೇಲಿಕೊಂಡು ಬರುತ್ತಿದ್ದಳು.

"ಆಯಿ, ಯಾಕ ಹಿಂಗ ನಡೀತಿ?"

"ಹೆಂಗ?"

"ತಲಿ ಮ್ಯಾಲೆ ಏನರ ಇಟ್ಕೊಂಡಂಗ."

"ಮತ್ತ! ಸಣ್ಣಕಿದ್ದಾಗಿಂದ ತಲಿ ಮ್ಯಾಲೆ ಎರಡು ಕೊಡ, ಬಗಲಾಗ ಒಂದು. ಹಳ್ಳದಿಂದ ಮನಿತನಕ ಒಂದು ಹನಿ ಚೆಲ್ಲಿದ್ರ ನಮ್ಮವ್ವ ಸೌದಿ ಕಟಗಿ ತಗೊಂಡು ಬಡೀತಿದ್ಲು."

ಅರವತ್ತು ವರ್ಷದ ಹಿಂದಿನ ಕೊಡ ಇನ್ನೂ ತಲೆಯ ಮೇಲೇ ಇದೆ. ನಮ್ಮ ಆಯಿ ಅರ್ಧ ಮುಂಬಯಿ ನಡೆದರೂ ಮಷಿನ್ನು ಅವಳು ಮಲಗಿದ್ದಾಳೆ ಅಂತಲೇ ತಿಳಿಯುತ್ತದೆ. ಕಾಲು ಕೆಲಸ ಮಾಡುತ್ತದೆ, ಎದೆಗೆ ಸುದ್ದಿಯೇ ಮುಟ್ಟುವುದಿಲ್ಲ. ದಮ್ಮು ಹತ್ತದೆ ಏನಾಗಬೇಕು?

"ಆಯಿ, ಕೊಡ ಇಳಿಸಿ ಸ್ವಲ್ಪ ತೂಗ್ಯಾಡಕೊಂತ ನಡಿ," ಅಂದೆ.

ನಾಲ್ಕು ಹೆಜ್ಜೆ ಪ್ರಯತ್ನ ಮಾಡಿದಳು. ಎದುರಿಗೆ ಬರುತ್ತಿದ್ದ ಕಾಕು ಓಡಿ ಬಂದು ರಟ್ಟೆ ಹಿಡಿದು ಕೇಳಿದಳು, "ಚಕ್ಕರ್ ಬಂತಾ?"

೬. ಜೋಕಿಗೆ ಮಾರ್ಕ್ಸ್

ಒಂದು ದಿನ ಆಯಿಯ ಬೆರಳಿಗೆ ಡಬ್ಬಿ ಹಾಕಿದ್ದಾಗಲೇ ಸೆಕ್ರೆಟರಿ ಸಾಹೇಬರ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ನಡೆದು ತೋರಿಸಿದೆ. ಆಯಿ ನಕ್ಕಳು. ಆಯಿ ನಕ್ಕರೆ ಬಾಯಿ ಒಂದೇ ನಗುವುದಿಲ್ಲ, ಭುಜ, ಹೊಟ್ಟೆ, ಕುಂತ ಖುರ್ಚಿ ಎಲ್ಲ ನಗುತ್ತವೆ. ನಕ್ಕು ಮುಗಿಸಿದ ಮೇಲೆ ಡಬ್ಬಿ ನೋಡಿದೆ. ಎಪ್ಪತ್ತೆಂಟು!

ನಿಮಗೆ ಇದು ದೊಡ್ಡದಲ್ಲ ಅನ್ನಿಸಬಹುದು. ಗಣಿತದಲ್ಲಿ ಹದಿನೆಂಟು ಬಂದವನಿಗೆ ಕೇಳಿ. ಜೀವನದಲ್ಲಿ ಮೊದಲ ಸಲ ಎಪ್ಪತ್ತೆಂಟು.

ಅವತ್ತಿನಿಂದ ಪ್ರತಿ ಜೋಕೂ ಪರೀಕ್ಷೆಗೆ ಕುಂತಿತು. ಕಾಕಾನ ನಕಲು ಎಪ್ಪತ್ತನಾಲ್ಕು. ಲೋಕಲ್‌ನಲ್ಲಿ ಜಗಳ ಆಡುವವರ ನಕಲು ಎಂಬತ್ತೊಂದು. ವಾಟ್ಸಾಪಿನಲ್ಲಿ ಬಂದ ಜೋಕು ಅರವತ್ತು. ಅದಕ್ಕೆ ಆಯಿ ನನ್ನ ಮರ್ಯಾದೆಗೆ ಹಲ್ಲು ತೋರಿಸಿದ್ದಳು, ಆದರೆ ಮಷಿನ್ನಿಗೆ ದಾಕ್ಷಿಣ್ಯ ಇಲ್ಲ. ಮೈ ಅಲ್ಲಾಡದ ನಗುವನ್ನು ಅದು ನಗು ಅಂತ ಒಪ್ಪುವುದಿಲ್ಲ.

ಮಷಿನ್ ಅಕ್ಕನಿಗೆ ಹೇಳಿದೆ. ಅವಳು ಗಂಭೀರವಾಗಿ ಕೇಳಿದಳು. "ಅದಕ್ಕೆ ಜೋಕ್ ಯಾವುದು, ಗುಂಡಿ ಯಾವುದು ಗೊತ್ತಾಗುದಿಲ್ಲ. ರಿಕ್ಷಾದ್ದು ಎಷ್ಟು ಬಂದಿತ್ತು?"

"ತೊಂಬತ್ತೆಂಟು."

"ಹಾಗಾದ್ರೆ ನಿನಗಿಂತ ರಸ್ತೆಯೇ ದೊಡ್ಡ ಜೋಕ್."

೭. ಎರಡು ತಾಸಿನ ಪೂಜೆ

ದಮ್ಮು ಮಾತ್ರ ಕಡಿಮೆ ಆಗಲಿಲ್ಲ. ಒಂದು ಸಂಜೆ ಕಾಕಾ ಬಂದಾಗಲೇ ಆಯಿ ಎರಡನೇ ಮಾಳಿಗೆಯಲ್ಲಿ ಕುಂತು ಉಸಿರು ಎಳೆಯುತ್ತಿದ್ದಳು. ಮುಗಿಯಿತು. ಕಾಕಾ ಆಸ್ಪತ್ರೆಗೆ ಫೋನ್ ಮಾಡಿದ. ಇನ್ನೊಂದು ಥರದ ಡಬ್ಬಿ ಎದೆಗೆ ಕಟ್ಟಿ ಇಪ್ಪತ್ತನಾಲ್ಕು ತಾಸು ಬಡಿತ ಬರೆಸಿಕೊಳ್ಳುವುದು, ಜೊತೆಗೆ ಯಾವ ಹೊತ್ತಿಗೆ ಏನು ಮಾಡಿದಳು ಅಂತ ಒಂದು ಹಾಳೆ ತುಂಬುವುದು ಅಂತ ಠರಾವಾಯಿತು. "ರಿಪೋರ್ಟ್ ಕೆಟ್ಟ ಬಂತಂದ್ರ ಹಾಸಿಗಿ ಕಟ್ಟು," ಅಂದ ಕಾಕಾ.

ಆಯಿಗೆ ಬರೆಯಲು ಬಾರದು. ಹಾಳೆ ನನ್ನ ಕೈಗೆ ಬಂತು. ಡಬ್ಬಿ ಕಟ್ಟಿಕೊಂಡ ದಿನವಾದರೂ ಆಯಿ ಸುಮ್ಮನಿದ್ದಳೋ? ಇಲ್ಲ. ಎದೆ ತುಂಬ ವೈರು ಅಂಟಿಸಿಕೊಂಡು ಅರವತ್ತು ರೊಟ್ಟಿ ಬಡಿದಳು. "ಹುಡುಗರು ಉಪವಾಸ ಕೆಲಸಕ್ಕ ಹೋಗಬೇಕೇನು?" ಅಂದಳು. ಬಡಿದು ಮುಗಿಸಿ ಬಂದು ನನ್ನ ಮುಂದೆ ಕುಂತಳು.

"ಐದರಿಂದ ಏಳು, ಏನ್ ಬರೀಲಿ ಆಯಿ?"

"ದೇವರ ಪೂಜಾ ಅಂತ ಬರಿ."

"ಎರಡು ತಾಸು?"

"ನನ್ನ ದೇವರಿಗೆ ಹೊತ್ತು ಹಿಡೀತೈತಿ."

ಬರೆದೆ. ಸಂಜೆ ನಾಲ್ಕಕ್ಕೆ "ಮೂರು ಮಾಳಿಗೆ ಹತ್ತಿದ್ದು, ದಮ್ಮು" ಅಂತ ಬರೆದಿದ್ದೆ. ಅದರಲ್ಲಿ "ದಮ್ಮು" ಅಷ್ಟನ್ನು ಹೊಡೆಸಿ ಹಾಕಿ "ಆರಾಮ" ಅಂತ ಬರೆಸಿದಳು. ಇಡೀ ಹಾಳೆಯಲ್ಲಿ ನನ್ನ ಸ್ವಂತದ್ದು ಒಂದೇ ಸಾಲು: "ಎರಡೂಕಾಲು ಗಂಟೆ, ಮೊಮ್ಮಗನಿಗೆ ಬೈಗುಳ, ಹತ್ತು ನಿಮಿಷ." ಪೂರಾ ನಿಜ ಇದ್ದದ್ದೂ ಆ ಸಾಲು ಒಂದೇ.

೮. ಯಾವ ದೇವರು?

ಡಾಕ್ಟರ್ ಹಿಂದಿಯಲ್ಲಿ ಮಾತಾಡಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತೇನೆ, ಹೆಚ್ಚು ಕಡಿಮೆ ಆದರೆ ಹೊಟ್ಟೆಗೆ ಹಾಕಿಕೊಳ್ಳಿ. ಅವರು ಒಂದು ಕೈಯಲ್ಲಿ ಗ್ರಾಫ್, ಇನ್ನೊಂದರಲ್ಲಿ ನನ್ನ ಹಾಳೆ ಹಿಡಿದು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು. ಆಮೇಲೆ ಆಯಿಯನ್ನು ನೋಡಿದರು.

"ಆಜಿ, ವಾಕಿಂಗ್ ಮಾಡುವಾಗ ಅರವತ್ತೆರಡು. ಮೆಟ್ಟಿಲು ಹತ್ತುವಾಗ ಅರವತ್ತನಾಲ್ಕು. ಪೂಜೆಗೆ ಕುಂತಾಗ ಎರಡು ತಾಸು ನೂರ ಹತ್ತು. ಯಾವ ದೇವರು ನಿಮ್ಮದು?"

"ಹನುಮಪ್ಪ," ಅಂದಳು ಆಯಿ, ಕಣ್ಣು ಮಿಟುಕಿಸದೆ.

"ಪೂಜೆ ಮಾಡುತ್ತೀರೋ, ಜೊತೆಗೆ ಲಂಕೆಗೆ ಹಾರುತ್ತೀರೋ?"

ಕಾಕಾ ಎದ್ದು ನಿಂತ. "ಡಾಕ್ಟರ್ ಸಾಬ್, ನಾಳೆಯಿಂದ ಪೂಜೆನೂ ಬಂದ್ ಮಾಡಿಸುತ್ತೇನೆ!"

ಡಾಕ್ಟರ್ ಗಲ್ಲ ಕೆರೆದುಕೊಂಡರು. "ಸುಮ್ಮನೆ ಕುಂತಾಗ ಇಷ್ಟು ಓಡುವುದೆಂದರೆ ಮಷಿನ್ನಿನ ಕಿವಿ ಬಹಳ ಚುರುಕಾಗಿದೆ. ಸ್ವಲ್ಪ ತಗ್ಗಿಸಿಬಿಡೋಣ."

ತಗ್ಗಿಸಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಈಗಲೇ ಅದಕ್ಕೆ ಆಯಿಯ ನಡಿಗೆ ಕೇಳುವುದಿಲ್ಲ, ಇನ್ನೂ ತಗ್ಗಿಸಿದರೆ ಪೂರಾ ಕಿವುಡು. ಮೂರನೇ ಮಾಳಿಗೆ ಆಯಿಗೆ ಮುಗಿದ ಹಾಗೆಯೇ. ಆಮೇಲೆ ಪವಾಯಿ, ಕೆರೆ, ಏಸಿ, ಮಾತು ಕೇಳದ ಟೀವಿ. ಆಯಿ ಹೇಳಿದ ಸುಳ್ಳು ಆಯಿಯನ್ನೇ ಹೊತ್ತುಕೊಂಡು ಹೋಗುತ್ತಿತ್ತು.

ಆಗ ಆಯಿ ಎದ್ದಳು ನೋಡಿ! ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ತಡೀರಿ ಡಾಕ್ಟರ್! ಅದು ಪೂಜಾ ಅಲ್ಲ, ರೊಟ್ಟಿ! ಹಿಟ್ಟು ತರಸ್ರಿ, ತೋರಸ್ತೀನಿ!"

ಕ್ಯಾಂಟೀನಿನಿಂದ ಗೋಧಿ ಹಿಟ್ಟು ಬಂತು. ಆಯಿ ಮೂಗು ಮುರಿದಳು. ನನ್ನ ಚೀಲದಲ್ಲಿ ಜೋಳದ ಹಿಟ್ಟು ಇತ್ತು. ಡಾಕ್ಟರ ಮೇಜಿನ ಮೇಲಿನ ಫೈಲುಗಳನ್ನು ಆಚೆ ಸರಿಸಿ, ನಾದಿ, ತಪ ತಪ ಶುರು ಮಾಡಿದಳು. ಪರದೆಯ ಮೇಲೆ ಅರವತ್ತು, ಎಪ್ಪತ್ತೈದು, ತೊಂಬತ್ತು, ನೂರ ಹತ್ತು! ಹೊರಗೆ ಕುಂತ ಪೇಷಂಟುಗಳೆಲ್ಲ ಬಾಗಿಲಲ್ಲಿ ತುಂಬಿ ಚಪ್ಪಾಳೆ ತಟ್ಟಿದರು. ಡಾಕ್ಟರ್ ಹಬೆಯಾಡುವ ಬಿಸಿ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ಬಾಯಿಗಿಟ್ಟರು, ಕಣ್ಣು ಮುಚ್ಚಿದರು. ಆಮೇಲೆ ಕಾಕಾನ ಹೊಟ್ಟೆ ನೋಡಿ ಚೀಟಿ ಬರೆದರು: "ದಿನಕ್ಕೆ ಅರವತ್ತು ರೊಟ್ಟಿ. ತಿನ್ನುವುದಲ್ಲ, ಬಡಿಯುವುದು." ಈಗ ದಿನಾ ಬೆಳಿಗ್ಗೆ ಐದಕ್ಕೆ ಪವಾಯಿಯ ಹದಿನಾಲ್ಕನೇ ಮಾಳಿಗೆಯಿಂದಲೂ ತಪ ತಪ ಸದ್ದು ಬರುತ್ತದೆ.

೯. ಒಲೆ ಎಲ್ಲಿತ್ತು?

ಬಿಸಿ ರೊಟ್ಟಿ ಅಂದೆನಲ್ಲ, ಬೇಯಿಸಿದ್ದು ಎಲ್ಲಿ ಅಂತ ನೀವು ಕೇಳಬೇಕಿತ್ತು. ಕೇಳಲಿಲ್ಲ. ಹೃದಯದ ಡಾಕ್ಟರ ಕೋಣೆಯಲ್ಲಿ ಒಲೆ, ಹಂಚು ಎಲ್ಲಿಂದ ಬರಬೇಕು? ಆಯಿ ಎದ್ದಳು ಅಂದಲ್ಲಿಂದ ಮುಂದಿನದ್ದೆಲ್ಲ ನಾನೇ ಬಡಿದದ್ದು.

ನಡೆದದ್ದು ಇಷ್ಟು. ಆಯಿ ಎದ್ದು ನಿಲ್ಲಲಿಲ್ಲ. "ಹನುಮಪ್ಪ" ಅಂದವಳು ಹನುಮಪ್ಪನನ್ನೇ ಗಟ್ಟಿ ಹಿಡಿದು ಕುಂತಳು. ಅವಳನ್ನು ತೂಕ ನೋಡಲು ಹೊರಗೆ ಕರೆದುಕೊಂಡು ಹೋದರು, ಕಾಕಾನೂ ಹಿಂದೆ ಹೋದ. ಡಾಕ್ಟರ್ ಪಕ್ಕದ ಕೋಣೆಯ ಪೇಷಂಟ್ ನೋಡಲು ಎದ್ದರು. ಕೋಣೆಯಲ್ಲಿ ಉಳಿದ ಮಷಿನ್ ಅಕ್ಕ, ಆಯಿ ಬಂದ ಕೂಡಲೇ ತಗ್ಗಿಸಲು ತಯಾರಿ ಮಾಡುತ್ತಿದ್ದಳು. ಅವಳ ಮುಂದೆ ನಾನು ಒಬ್ಬನೇ. ಹೇಳಿದರೆ ಆಯಿಗೆ ದ್ರೋಹ, ಹೇಳದಿದ್ದರೆ ಆಯಿಯೇ ಇಲ್ಲ.

"ಅಕ್ಕಾ, ಅದು ಪೂಜಾ ಅಲ್ಲ. ರೊಟ್ಟಿ," ಅಂದೆ.

"ಮತ್ತೆ ಪೂಜೆ ಅಂತ ಬರೆದದ್ದು ಯಾರು?"

"ನಾನು."

"ಅಕ್ಷರ ಚಂದ ಉಂಟು. ಬುದ್ಧಿ ಮಾತ್ರ ಇಲ್ಲ."

ದಮ್ಮಿನ ಮಾತು, ಕೊಡದ ನಡಿಗೆ ಎಲ್ಲ ಹೇಳಿದೆ. ನನ್ನ ಮಾತು ನಂಬಿದ ಮೊದಲ ಜೀವ ಅವಳು. ಆಯಿ ಒಳಗೆ ಬಂದಾಗ ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ಅಜ್ಜಿ, ಇದು ಪೂಜೆ ಅಲ್ಲ, ರೊಟ್ಟಿ ಅಂತ ಮೆಷಿನ್ ಹೇಳ್ತದೆ," ಅಂದಳು. ಆಯಿಯ ಮುಖ ಹಿಟ್ಟಿನ ಹಾಗೆ ಬೆಳ್ಳಗಾಯಿತು. ಡಾಕ್ಟರ್ ಬಂದು ಕೇಳಿ, "ರೊಟ್ಟಿ ಬೇಡ ಅಂದವರು ಯಾರು? ಕೈ ಎತ್ತಬೇಡಿ ಅಂದದ್ದು ಆರು ವಾರ ಮಾತ್ರ!" ಅಂದರು. ಕಾ‌ಕಾ ತಲೆ ಎತ್ತಿ ಫ್ಯಾನಿನ ರೆಕ್ಕೆ ಎಣಿಸತೊಡಗಿದ.

ಆ ಮಷಿನ್ನಿಗೆ ಇನ್ನೊಂದು ಕಿವಿಯೂ ಇತ್ತಂತೆ, ಉಸಿರು ಕೇಳುವಂಥದ್ದು. ಅದನ್ನು ಚಾಲೂ ಮಾಡಿದರು, ಐದು ನಿಮಿಷದ ಕೆಲಸ. ವಾರದೊಳಗೆ ಆಯಿ ಎರಡನೇ ಮಾಳಿಗೆಯಲ್ಲಿ ನಿಲ್ಲದೆ ಹತ್ತಿಹೋದಳು. ಗ್ಲಾಸ್ ಹಿಡಿದು ನಿಂತಿದ್ದ ಕಾಕು ಹಿಂದೆ ನೋಡಿದಳು, ಮುಂದೆ ನೋಡಿದಳು, ತಾನೇ ಕುಡಿದಳು. ಪವಾಯಿಯ ಮಾತು ಯಾರೂ ಎತ್ತಿಲ್ಲ.

ಒಂದೇ ತೊಂದರೆ. ಮಷಿನ್ನು ಸುಳ್ಳು ಹಿಡಿಯುತ್ತದೆ ಅಂತ ಈಗ ಆಯಿಯೇ ನಂಬಿದ್ದಾಳೆ. ಮೊನ್ನೆ ಸೆಕ್ರೆಟರಿ ಸಾಹೇಬರು ಧೈರ್ಯ ಮಾಡಿ ಬಂದು, "ಸೊಸೈಟಿ ಫಂಕ್ಷನ್ನಿನಾಗ ನಮ್ಮ ಮಗಳ ಹಾಡು ಹೆಂಗಿತ್ತು, ಆಜಿ?" ಅಂತ ಕೇಳಿದರು. ಆಯಿ ಎದೆ ಮೇಲೆ ಕೈ ಇಟ್ಟುಕೊಂಡು, "ನನ್ನ ಬಾಯಿ ಬಿಡಸಬ್ಯಾಡ್ರಿ, ಒಳಗ ಮಷಿನ್ ಐತಿ," ಅಂದಳು.

ಚಾಡಿ ಹೇಳಿದ್ದು ನಾನು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಆಯಿಗೆ ಓದಲು ಬಾರದು, ಕಾಕಾ ಮರೆತಿದ್ದಾನೆ, ಕಾಕಾನ ಮಕ್ಕಳು ಕಲಿತೇ ಇಲ್ಲ. ನಮ್ಮ ಮನೆತನದಲ್ಲಿ ಗುಟ್ಟು ಮುಚ್ಚಿಡಲು ಇದಕ್ಕಿಂತ ಭದ್ರ ಕಪಾಟು ಇನ್ನೊಂದಿಲ್ಲ.